ಆ ಗೆರೆ ಅಳಿಸಿಹೋಗಿಲ್ಲ, ಬಿಟ್ಟಿದ್ದೇ ಹಾಗೆ

"ಮೇಡಂ, ಗೆರೆ ಒಂದು ಕಡೆ ಅಳಿಸಿಹೋಗಿದೆ. ಸ್ವಲ್ಪ ಬಣ್ಣ ಹಚ್ಚಿ ಸೇರಿಸಿಕೊಡಿ."

ಅಮೆರಿಕದ ನ್ಯೂ ಮೆಕ್ಸಿಕೋದ ಮೂಲನಿವಾಸಿಗಳಾದ ಪುಯೆಬ್ಲೊ ಜನರ ಹಳೆಯ ಮಡಕೆಗಳನ್ನು ನನ್ನ ಹತ್ತಿರ ರಿಪೇರಿಗೆ ತರುವವರು ಎಷ್ಟೋ ಸಲ ಹೇಳುವ ಮೊದಲ ಮಾತು ಇದೇ. ಬಿರುಕಿನ ಬಗ್ಗೆ ಕೇಳುವುದಿಲ್ಲ. ಒಳಗೆ ಕಟ್ಟಿದ ಉಪ್ಪಿನ ಬಗ್ಗೆ ಕೇಳುವುದಿಲ್ಲ. ಆ ಬೆರಳಗಲದ ಖಾಲಿ ಜಾಗವೇ ಕಣ್ಣಿಗೆ ಚುಚ್ಚುತ್ತದೆ. ದಯವಿಟ್ಟು ಅದನ್ನು ಮುಟ್ಟಬೇಡಿ.

ಕೊರಳು, ಹೊಟ್ಟೆಯ ಸುತ್ತ ಗೆರೆ ಎಳೆದಾಕೆ ಅಲ್ಲಿ ಬೇಕೆಂದೇ ಕುಂಚ ಎತ್ತಿದ್ದಾಳೆ. ಕೈತಪ್ಪಲ್ಲ, ಮರೆವಲ್ಲ. ಝುನಿ, ಕೆವಾ, ಕೊಚಿಟಿ, ಹೀಗೆ ಹಲವು ಊರುಗಳ ಹಳೆಯ ಮಡಕೆಗಳಲ್ಲಿ ಇದನ್ನು ಕಾಣಬಹುದು. 1879ರಿಂದ ಕೆಲವು ವರ್ಷ ಝುನಿಯಲ್ಲೇ ಇದ್ದ ಅಮೆರಿಕದ ಮಾನವಶಾಸ್ತ್ರಜ್ಞ ಫ್ರಾಂಕ್ ಕುಶಿಂಗ್ ಇದನ್ನು ಮಡಕೆಯ ಜೀವ ಹೊರಗೆ ಹೋಗುವ ದಾರಿ ಎಂದು ಬರೆದಿಟ್ಟರು. ಎಲ್ಲ ಊರಿನವರೂ ಇದೇ ಅರ್ಥ ಹೇಳುವುದಿಲ್ಲ. ಕೆಲವರಿಗೆ ಹೇಳಲು ಇಷ್ಟವೂ ಇಲ್ಲ, ನಾನು ಒತ್ತಾಯ ಮಾಡುವುದಿಲ್ಲ.

ಸವೆದದ್ದೋ, ಬಿಟ್ಟದ್ದೋ ಅಂತ ಗೊತ್ತಾಗುವುದು ಹೇಗೆ? ಕೆವಾ, ಕೊಚಿಟಿಯ ಕಪ್ಪು ಒಂದು ಕಾಡು ಸೊಪ್ಪಿನ ರಸ. ಕುದಿಸಿ, ಬತ್ತಿಸಿ, ಗಟ್ಟಿಯಾದ ಮೇಲೆ ಒಣಗಿಸಿಟ್ಟುಕೊಳ್ಳುತ್ತಾರೆ. ಗೂಡು ಕಟ್ಟದೆ ಬಯಲಲ್ಲೇ ಒಣಸಗಣಿ ಒಟ್ಟಿ ಸುಟ್ಟಾಗ ಅದು ಕರಕಲಾಗಿ, ಕೆನೆಬಣ್ಣದ ಮಣ್ಣಿನ ಲೇಪದೊಳಕ್ಕೆ ಇಳಿಯುತ್ತದೆ. ಹಾಗಾಗಿ ಸವೆದ ಕಡೆ ಸಾಮಾನ್ಯವಾಗಿ ಮಸುಕು ನೆರಳು ಉಳಿಯುತ್ತದೆ, ಅಂಚು ಹರಕುಹರಕಾಗಿರುತ್ತದೆ. ಬಿಟ್ಟ ಜಾಗದಲ್ಲಿ ಲೇಪದ ಹೊಳಪು ಹಾಗೇ ಇರುತ್ತದೆ, ಗೆರೆಯ ಎರಡೂ ತುದಿ ನೀಟಾಗಿ ನಿಂತಿರುತ್ತವೆ. ಅಕೊಮಾ, ಝುನಿಯ ಕಪ್ಪು ಬೇರೆ. ಅದಕ್ಕೆ ಕಬ್ಬಿಣ, ಮ್ಯಾಂಗನೀಸ್ ಇರುವ ಕಲ್ಲು ಅರೆಯುತ್ತಾರೆ. ಅದು ಮೇಲುಮೇಲೆ ಕೂತಿರುವುದರಿಂದ ಉದುರಿದರೆ ಗುರುತು ಹಿಡಿಯುವುದು ಜಾಸ್ತಿ ಕಷ್ಟ. ಅದಕ್ಕೇ ನಾನು ಫೋಟೋ ನೋಡಿ ಏನೂ ಹೇಳುವುದಿಲ್ಲ, ಮಡಕೆಯೇ ಮುಂದೆ ಬರಬೇಕು.

ಹೋದ ಚಳಿಗಾಲ ಹಾಸನ ಕಡೆಯ ಒಬ್ಬ ಅಜ್ಜಿ ಮಗಳ ಜೊತೆ ಬಂದಿದ್ದರು. ಮಗಳು ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡ ಕೆವಾದ ನೀರಿನ ಕೊಡ. ಅಜ್ಜಿ ಗೆರೆ ನೋಡಲೇ ಇಲ್ಲ. ಕೊಡವನ್ನು ಮೆಲ್ಲಗೆ ಓರೆ ಮಾಡಿ, ಒಳಕ್ಕೆ ತಗ್ಗಾದ ತಳ ಸವರಿ, "ತಲೆ ಮೇಲೆ ಕೂರಲಿ ಅಂತ ಹೀಗೆ ಮಾಡಿದಾರೆ, ಅಲ್ವಾ? ನಾವು ಸಿಂಬಿ ಸುತ್ತಿಕೊಳ್ತಿದ್ವಿ" ಅಂದರು. ನಿಜವೇ. ಎಷ್ಟೋ ವರ್ಷ ಮಡಕೆ ಕೂಡಿಟ್ಟವರಿಗೂ ಹೊಳೆಯದ ಮಾತದು. ನನಗೆ ತುಂಬಾ ಖುಷಿಯಾಯಿತು.

ಆ ಕೊಡದ ಗೆರೆಯನ್ನು ಹಿಂದೆ ಯಾರೋ ಆಕ್ರಿಲಿಕ್ ಬಣ್ಣದಿಂದ ಸೇರಿಸಿಬಿಟ್ಟಿದ್ದರು. ಸೂಕ್ಷ್ಮದರ್ಶಕದ ಕೆಳಗಿಟ್ಟು, ಹತ್ತಿಯ ಕಡ್ಡಿಯಲ್ಲಿ ಅದನ್ನು ಎಬ್ಬಿಸಲು ಎರಡು ದಿನ ಬೇಕಾಯಿತು. ಅಡಿಯಲ್ಲಿ ಲೇಪ ಹೊಳೆಯುತ್ತಿತ್ತು. "ಯಾಕಮ್ಮಾ ಮುಚ್ಚಿದ್ರು ಇದನ್ನ?" ಅಂತ ಅಜ್ಜಿ ಕೇಳಿದರು. ಮಡಕೆ ಪೂರ್ತಿಯಾಗಿ ಕಾಣಲಿ ಅಂತ ಇರಬೇಕು ಅಂದೆ.

ಗೆರೆ ಬಿಟ್ಟ ಜಾಗದ ಚೂರೇ ಒಡೆದು ಕಳೆದುಹೋಗಿದ್ದರೆ ಅಲ್ಲಿಗೆ ಪ್ಲಾಸ್ಟರ್ ತುಂಬಿ ಲೇಪದ ಬಣ್ಣವನ್ನಷ್ಟೇ ಹಚ್ಚುತ್ತೇನೆ. ಗೆರೆ ಎಳೆಯುವುದಿಲ್ಲ. ದುಡ್ಡು ಜಾಸ್ತಿ ಕೊಡುತ್ತೇನೆ ಅಂದರೂ ಇಲ್ಲ.