ಟೈಮಿಂಗ್ ಬೆಲ್ಟ್ ತುಂಡಾದರೆ ಹಳೆಯ ಇಂಜಿನ್ ಉಳಿಯುತ್ತದೆಯೇ?

ಹಳೆಯ ಕಾರಿನಲ್ಲಿ ಟೈಮಿಂಗ್ ಬೆಲ್ಟ್ ತುಂಡಾದರೂ ಇಂಜಿನ್‌ಗೆ ಏನೂ ಆಗಲ್ಲ, ಹೊಸದು ಹಾಕಿದರೆ ಸಾಕು ಅಂತ ಹೇಳುವವರಿದ್ದಾರೆ. ಕೆಲವು ಇಂಜಿನ್‌ಗಳಲ್ಲಿ ಇದು ನಿಜ. ಆದರೆ ಅವುಗಳನ್ನು ಉಳಿಸುವುದು ವಯಸ್ಸಲ್ಲ, ಸಿಲಿಂಡರ್ ಒಳಗಿನ ಜಾಗ.

ಪಿಸ್ಟನ್‌ಗಳಿಗೆ ಜೋಡಿಸಿರುವ ಕೆಳಗಿನ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದರೆ, ಗಾಳಿ ಮತ್ತು ಹೊಗೆಯ ಬಾಗಿಲುಗಳಾದ ವಾಲ್ವ್‌ಗಳನ್ನು ತೆರೆದು ಮುಚ್ಚುವ ಮೇಲಿನ ಕ್ಯಾಮ್‌ಶಾಫ್ಟ್ ಒಂದು ಸುತ್ತು ತಿರುಗಬೇಕು. ಈ ಲೆಕ್ಕ ತಪ್ಪದಂತೆ ಹಿಡಿದಿರುವುದು ಹಲ್ಲುಗಳಿರುವ ಆ ರಬ್ಬರ್ ಬೆಲ್ಟ್. ಅದು ತುಂಡಾದರೆ ಕ್ಯಾಮ್ ತಕ್ಷಣ ನಿಂತುಬಿಡುತ್ತದೆ, ಕೆಲವು ವಾಲ್ವ್‌ಗಳು ತೆರೆದೇ ಉಳಿಯುತ್ತವೆ. ಕಾರು ಗೇರಿನಲ್ಲಿ ಓಡುತ್ತಿದೆ ಅಲ್ವಾ? ಚಕ್ರಗಳೇ ಕ್ರ್ಯಾಂಕನ್ನು ತಿರುಗಿಸುತ್ತಿರುತ್ತವೆ. ನಿಮಿಷಕ್ಕೆ 3000 ಸುತ್ತು ಅಂದರೆ ಒಂದೊಂದು ಪಿಸ್ಟನ್ ಸೆಕೆಂಡಿಗೆ 50 ಸಲ ಮೇಲೆ ಬರುತ್ತದೆ. ವಾಲ್ವ್‌ಗೂ ಪಿಸ್ಟನ್‌ಗೂ ನಡುವೆ ಜಾಗ ಸಾಲದಿದ್ದರೆ ಮೊದಲ ಏಟಿಗೇ ವಾಲ್ವ್ ಬಾಗುತ್ತದೆ. ಕೆಲವೊಮ್ಮೆ ಅದರ ತಲೆಯೇ ಮುರಿದು ಪಿಸ್ಟನ್ ತೂತಾಗುತ್ತದೆ.

ಕಾರುಗಳಿಗೆ ಈ ಬೆಲ್ಟ್ ಬಂದದ್ದು 1960ರ ದಶಕದಲ್ಲಿ, ಜರ್ಮನಿಯ ಗ್ಲಾಸ್ 1004 ಮೂಲಕ. ಆ ಕಾಲದ ಎಷ್ಟೋ ಇಂಜಿನ್‌ಗಳಲ್ಲಿ ಕಂಪ್ರೆಷನ್ (ಪಿಸ್ಟನ್ ಒಳಗಿನ ಗಾಳಿಯನ್ನು ಒತ್ತುವುದು) ಕಡಿಮೆ, ಸಿಲಿಂಡರಿಗೆ ಎರಡೇ ವಾಲ್ವ್. ಹಾಗಾಗಿ ಒಳಗೆ ಜಾಗ ಮಿಗುತ್ತಿತ್ತು. ಹಳೆಯ ಕಾರಿನ ಬಗೆಗಿನ ನಂಬಿಕೆ ಹುಟ್ಟಿದ್ದು ಇಲ್ಲಿಂದಲೇ ಇರಬೇಕು. ವೋಲ್ವೋದ 2.3 ಲೀಟರ್ ಇಂಜಿನ್ ನೋಡಿ. ಎಂಟು ವಾಲ್ವ್‌ಗಳ ಬಿ230 ಬೆಲ್ಟ್ ಹೋದರೂ ಸುಮ್ನೆ ನಿಲ್ಲುತ್ತದೆ, ಅಷ್ಟೇ. ಅದೇ ಕುಟುಂಬದ ಹದಿನಾರು ವಾಲ್ವ್‌ಗಳ ಬಿ234 ಹಾಗಲ್ಲ, ಅದರಲ್ಲಿ ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುತ್ತವೆ. ಎರಡೂ ಈಗ ಹಳೆಯವೇ.

ಡೀಸೆಲ್ ಇಂಜಿನ್ ಆದರೆ ಆಸೆ ಇಟ್ಟುಕೊಳ್ಳಬೇಡಿ. ಗಾಳಿಯನ್ನು ಅಷ್ಟು ಜಾಸ್ತಿ ಒತ್ತಬೇಕಾದ್ದರಿಂದ ಪಿಸ್ಟನ್ ಮೇಲೆ ಬಂದಾಗ ಅಲ್ಲಿ ಜಾಗವೇ ಉಳಿಯುವುದಿಲ್ಲ. ಇನ್ನೊಂದು ವಿಷಯ ಹಲವರ ಗಮನಕ್ಕೆ ಬರುವುದಿಲ್ಲ. ಇಂಜಿನ್ ಬಿಸಿಯಾಗಿ ಸೊಟ್ಟಗಾದ ಹೆಡ್ (ಸಿಲಿಂಡರ್‌ಗಳ ಮೇಲೆ ಕೂರುವ, ವಾಲ್ವ್‌ಗಳಿರುವ ಭಾಗ) ಅನ್ನು ಹಿಂದೆಂದೋ ಉಜ್ಜಿ ಮಟ್ಟ ಮಾಡಿದ್ದರೆ, ವಾಲ್ವ್‌ಗಳು ಅಷ್ಟರಮಟ್ಟಿಗೆ ಪಿಸ್ಟನ್‌ಗೆ ಹತ್ತಿರ ಬಂದಿರುತ್ತವೆ. ಅಂಚಿನಲ್ಲಿದ್ದ ಇಂಜಿನ್ ಆಗ ಸುರಕ್ಷಿತವಾಗಿ ಉಳಿಯದೇ ಹೋಗಬಹುದು.

ಓಡುವಾಗ ಇಂಜಿನ್ ಥಟ್ಟನೆ ಆಫ್ ಆಗಿ, ಸೆಲ್ಫ್ ಹೊಡೆದಾಗ ಯಾವತ್ತಿಗಿಂತ ಹಗುರವಾಗಿ, ಜೋರಾಗಿ ತಿರುಗಿದರೆ ಅಲ್ಲಿಗೇ ಬಿಡಿ. ಮತ್ತೆ ಮತ್ತೆ ಹೊಡೆದರೆ ಉಳಿದ ವಾಲ್ವ್‌ಗಳೂ ಬಾಗಬಹುದು. ಹೊಸ ಬೆಲ್ಟ್ ಹಾಕಿದ ಮೇಲೆ ಮೆಕ್ಯಾನಿಕ್ ಮೊದಲು ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ತಿರುಗಿಸಲಿ, ಆಮೇಲೆ ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳೆಯಲಿ. ಬಾಗಿದ ವಾಲ್ವ್ ಸರಿಯಾಗಿ ಮುಚ್ಚುವುದಿಲ್ಲ, ಆ ಸಿಲಿಂಡರಿನಲ್ಲಿ ಒತ್ತಡ ನಿಲ್ಲುವುದಿಲ್ಲ. ಹಾಗಾದರೆ ಹೆಡ್ ಇಳಿಸಲೇಬೇಕು.