ಮೂಗಿಗೆ ಸಿಗದ ವಿಷ

ಸ್ಕೂಬಾ ಮುಳುಗುಗಾರರು ಬೆನ್ನಿಗೆ ಕಟ್ಟಿಕೊಳ್ಳುವುದು ಆಮ್ಲಜನಕದ ಸಿಲಿಂಡರ್ ಎಂದೇ ಹಲವರ ತಿಳುವಳಿಕೆ. ಸಾಮಾನ್ಯವಾಗಿ ಅದರಲ್ಲಿರುವುದು ನಾವೆಲ್ಲ ಉಸಿರಾಡುವ ಗಾಳಿಯೇ. ಸುಮಾರು 200 ಬಾರ್ ಒತ್ತಡದಲ್ಲಿ ಅದುಮಿ ತುಂಬಿದ್ದು, ಅಷ್ಟೇ. ಈ ತಪ್ಪು ತಿಳುವಳಿಕೆಯಿಂದ ದೊಡ್ಡ ಕೇಡೇನೂ ಇಲ್ಲ. ಕೇಡಿರುವುದು ಕವಾಟವನ್ನು ತುಸು ತೆರೆದು ಮೂಸಿ, ವಾಸನೆ ಬಾರದಿದ್ದರೆ ಗಾಳಿ ಶುದ್ಧವೆಂದು ತೀರ್ಮಾನಿಸುವ ರೂಢಿಯಲ್ಲಿ.

ಮೂಗು ಎಣ್ಣೆಯ ಆವಿಯನ್ನು ಹಿಡಿದೀತು. ಆದರೆ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ, ರುಚಿ, ವಾಸನೆ ಯಾವುದೂ ಇಲ್ಲ. ಸಿಲಿಂಡರಿಗೆ ಗಾಳಿ ಅದುಮಿ ತುಂಬುವ ಯಂತ್ರವಾದ ಕಂಪ್ರೆಸರ್ ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿಗೆ ಎಂಜಿನ್ನಿನ ಹೊಗೆ, ಎಷ್ಟೋ ಸಲ ಆ ಕಂಪ್ರೆಸರನ್ನೇ ಓಡಿಸುತ್ತಿರುವ ಎಂಜಿನ್ನಿನ ಹೊಗೆಯೇ, ಗಾಳಿ ದಿಕ್ಕು ಬದಲಿಸಿದೊಡನೆ ನುಗ್ಗಬಹುದು. ಇಲ್ಲವೇ, ಯಂತ್ರ ಅತಿಯಾಗಿ ಕಾದಾಗ ಅದರ ಕೀಲೆಣ್ಣೆಯೇ ಅರೆಬರೆ ಸುಟ್ಟು ಈ ಅನಿಲವನ್ನು ಹುಟ್ಟಿಸಬಹುದು. ಫಿಲ್ಟರಿನಲ್ಲಿರುವ ಸಕ್ರಿಯ ಇದ್ದಿಲು ಎಣ್ಣೆಯ ಆವಿಯನ್ನು ಹೀರಿಕೊಳ್ಳುತ್ತದೆ, ಕಾರ್ಬನ್ ಮಾನಾಕ್ಸೈಡನ್ನು ಬಿಟ್ಟುಬಿಡುತ್ತದೆ. ಎಂದರೆ ಎಚ್ಚರಿಸಬಹುದಾಗಿದ್ದ ವಾಸನೆ ಹೋಗಿ ವಿಷವಷ್ಟೇ ಉಳಿಯುತ್ತದೆ. ಅದನ್ನು ಕಾರ್ಬನ್ ಡೈಆಕ್ಸೈಡಾಗಿ ಮಾರ್ಪಡಿಸಲು ಮ್ಯಾಂಗನೀಸ್ ಮತ್ತು ತಾಮ್ರದ ಆಕ್ಸೈಡುಗಳ ಮಿಶ್ರಣವಾದ ಹಾಪ್ಕಲೈಟ್ ಬೇಕು. ಅದಾದರೂ ತೇವ ತಗುಲಿದರೆ ನಿಷ್ಪ್ರಯೋಜಕ.

ಇನ್ನು ಆಳದ ಲೆಕ್ಕ. 30 ಮೀಟರ್ ಆಳದಲ್ಲಿ ಒತ್ತಡ ನೀರಿನ ಮೇಲ್ಮೈಯಲ್ಲಿರುವುದರ ಸುಮಾರು 4 ಪಟ್ಟು. ಪ್ರತಿ ಉಸಿರಿನಲ್ಲಿ ಒಳಹೋಗುವ ವಿಷದ ಅಣುಗಳೂ ಅಷ್ಟೇ ಪಟ್ಟು ಹೆಚ್ಚು. ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್ ಈ ಅನಿಲವನ್ನು ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಹಿಡಿದುಕೊಳ್ಳುತ್ತದೆ. ಹಾಗಿದ್ದರೆ ಮುಳುಗುಗಾರ ಆಳದಲ್ಲೇ ಕುಸಿಯಬೇಕಲ್ಲವೇ? ಅನೇಕ ವೇಳೆ ಹಾಗಾಗುವುದಿಲ್ಲ, ಮತ್ತು ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಸ್ವಾರಸ್ಯವೆನಿಸುವುದು ಇದೇ.

ಇದರ ಸುಳಿವು ಸಿಕ್ಕಿದ್ದು ಸಮುದ್ರದಲ್ಲಲ್ಲ, ಪ್ರಯೋಗಶಾಲೆಯಲ್ಲಿ. ಗಣಿಗಳ ವಿಷಗಾಳಿಯನ್ನು ಅಭ್ಯಾಸ ಮಾಡುತ್ತಿದ್ದ ಶರೀರಶಾಸ್ತ್ರಜ್ಞ ಜಾನ್ ಸ್ಕಾಟ್ ಹಾಲ್ಡೇನ್, 1895ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇಲಿಗಳನ್ನು 2 ವಾತಾವರಣದಷ್ಟು ಒತ್ತಡದ ಆಮ್ಲಜನಕದಲ್ಲಿಟ್ಟು, ಸಾಮಾನ್ಯ ಗಾಳಿಯಲ್ಲಾದರೆ ಕೊಲ್ಲುವಷ್ಟು ಕಾರ್ಬನ್ ಮಾನಾಕ್ಸೈಡನ್ನು ಬೆರೆಸಿದರು. ಹಿಮೋಗ್ಲೋಬಿನ್ ವಿಷದ ಪಾಲಾದರೂ ಇಲಿಗಳು ಬದುಕಿದವು. ಬಂಡಿಗಳೆಲ್ಲ ಕೆಟ್ಟು ನಿಂತಾಗ ಸರಕು ಹೊಳೆಯಲ್ಲೇ ತೇಲಿಬಂದಂತೆ, ಹೆಚ್ಚಿದ ಒತ್ತಡದಿಂದಾಗಿ ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲೇ ಕರಗಿದ ಆಮ್ಲಜನಕ ಅವುಗಳನ್ನು ಕಾಪಾಡಿತ್ತು. ಆಳದಲ್ಲಿರುವ ಮುಳುಗುಗಾರನಿಗೂ, ಅಷ್ಟು ಪ್ರಮಾಣದಲ್ಲಿ ಅಲ್ಲದಿದ್ದರೂ, ಇದೇ ಆಸರೆ ಸಿಗುತ್ತದೆ. ಅವನು ಮೇಲೇರತೊಡಗಿದಂತೆ ಒತ್ತಡ ಇಳಿದು ಪ್ಲಾಸ್ಮಾದ ಆಮ್ಲಜನಕ ನಿಮಿಷಗಳಲ್ಲಿ ಕಡಿಮೆಯಾಗುತ್ತದೆ. ಹಿಮೋಗ್ಲೋಬಿನ್ನಿಗೆ ಅಂಟಿದ ವಿಷ ಮಾತ್ರ ಬಿಟ್ಟುಹೋಗುವುದಿಲ್ಲ, ಸಾಧಾರಣ ಗಾಳಿಯಲ್ಲಿ ಅದು ಅರ್ಧಕ್ಕಿಳಿಯಲು 4ರಿಂದ 5 ಗಂಟೆ ಬೇಕು. ಹೀಗಾಗಿ ತಲೆನೋವು, ವಾಕರಿಕೆ, ಕೆಲವೊಮ್ಮೆ ಪ್ರಜ್ಞೆ ತಪ್ಪುವುದು ಕೂಡ, ಮೇಲೇರುವಾಗ ಅಥವಾ ದೋಣಿ ಹತ್ತಿದ ಮೇಲೆ ಕಾಣಿಸಿಕೊಂಡು, ಅಲೆಗಳ ಓಲಾಟಕ್ಕೆ ಆದ ವಾಂತಿಯೆಂದು ತಳ್ಳಿಹಾಕಲ್ಪಡುತ್ತವೆ.

ಯುರೋಪಿನ ಇಎನ್ 12021 ಮಾನದಂಡ ಉಸಿರಾಟದ ಗಾಳಿಯಲ್ಲಿ ಹತ್ತು ಲಕ್ಷಕ್ಕೆ 5 ಭಾಗಕ್ಕಿಂತ ಹೆಚ್ಚು ಕಾರ್ಬನ್ ಮಾನಾಕ್ಸೈಡನ್ನು ಒಪ್ಪುವುದಿಲ್ಲ. ಅಷ್ಟು ಸೂಕ್ಷ್ಮ ಪ್ರಮಾಣವನ್ನು ಅಳೆಯಲು ಅಂಗೈಯಗಲದ ಮೀಟರುಗಳು ಸಿಗುತ್ತವೆ. ಪ್ರತಿ ಸಿಲಿಂಡರನ್ನೂ ನೀರಿಗಿಳಿಯುವ ಮುನ್ನವೇ ಅಳೆಯಬಹುದು. ಯಾರಿಗಾದರೂ ಅನುಮಾನಾಸ್ಪದ ತಲೆನೋವು ಬಂದರೆ ಮೊದಲು ಶುದ್ಧ ಆಮ್ಲಜನಕ ಕೊಟ್ಟು ವೈದ್ಯರ ಬಳಿ ಒಯ್ಯಬೇಕು; ಆ ಸಿಲಿಂಡರಿನಲ್ಲಿ ಉಳಿದ ಗಾಳಿಯನ್ನು ಹೊರಬಿಡದೆ ಪರೀಕ್ಷೆಗಿಡಬೇಕು, ಅದೇ ಕಂಪ್ರೆಸರಿನಿಂದ ತುಂಬಿದ ಉಳಿದ ಸಿಲಿಂಡರುಗಳನ್ನು ಅಲ್ಲಿಯವರೆಗೆ ಯಾರೂ ಬಳಸಬಾರದು.