ಕರಿ ಮೀನಿಗೆ ತಾಗಿದ್ದು ಯಾರ ಕಣ್ಣು?

ನಮ್ಮ ಬೀಗರ ಹೊಸ ಮನೆಯ ಗೃಹಪ್ರವೇಶ ಆಗಿ 16ನೇ ದಿನಕ್ಕೆ ಅವರ ತೊಟ್ಟಿಯ ಕರಿ ಮೀನು ಸತ್ತಿತು. 18ನೇ ದಿನ ಎರಡು ಕೆಂಪು ಮೀನು ತೇಲಿದವು. ನಮ್ಮ ವಿಜಯಪುರದಲ್ಲಿ ಹೊಸ ಮನೆಗೆ ಮೀನಿನ ತೊಟ್ಟಿ ಉಡುಗೊರೆ ಕೊಡುವವರು ಈಗ ಜಾಸ್ತಿ. ಎಂಟು ಕೆಂಪು ಗೋಲ್ಡ್‌ಫಿಶ್, ಒಂದು ಕಪ್ಪು. ವಾಸ್ತು ಅಂತೆ. ಅಸಲಿಗೆ ಇದು ಚೀನಾದ ಫೆಂಗ್ ಶೂಯಿ ಲೆಕ್ಕ, ಇಲ್ಲಿಗೆ ಬಂದ ಮೇಲೆ ಹೆಸರು ಬದಲಿಸಿಕೊಂಡಿದೆ. ಕೆಟ್ಟ ಕಣ್ಣನ್ನು ತನ್ನ ಮೇಲೆ ಎಳೆದುಕೊಳ್ಳುವುದು ಕರಿ ಮೀನಿನ ಕೆಲಸ. ಹಾಗಾಗಿ ಅದು ಸತ್ತರೆ ಯಾರಿಗೂ ಬೇಜಾರಿಲ್ಲ. "ಮನಿಗೆ ಬರೋ ಪೀಡಾ ತಾನ ತಗೊಂಡು ಹೋತ್ ನೋಡ್ರಿ," ಎಂದು ನಮ್ಮ ಬೀಗರು ಸಮಾಧಾನದಿಂದಲೇ ಹೇಳಿದರು. ಅದೇ ಸಂಜೆ ಹೊಸ ಕರಿ ಮೀನು ತಂದು ಬಿಟ್ಟರು. ಅದು ಆರು ದಿನ ಬದುಕಿತು.

ದೃಷ್ಟಿಯ ಬಗ್ಗೆ ನನ್ನ ತಕರಾರು ಒಂದೇ. ಅದಕ್ಕೆ ಟೈಂಟೇಬಲ್ ಇದೆ. ಊಟಕ್ಕೆ ಬಂದ ಅಷ್ಟೂ ಜನರ ಕಣ್ಣು ಅವತ್ತೇ ತಾಗಬೇಕಿತ್ತು, ಅಲ್ವಾ? ಹಾಗೆ ಆಗುವುದಿಲ್ಲ. ಹೊಸ ತೊಟ್ಟಿಯಲ್ಲಿ ಮೊದಲ ಕೆಲವು ದಿನ ಮೀನುಗಳು ಚೆನ್ನಾಗೇ ಆಡಿಕೊಂಡಿರುತ್ತವೆ. ಎರಡನೇ ವಾರದಿಂದ ನಾಲ್ಕನೇ ವಾರದೊಳಗೆ ಒಂದೊಂದಾಗಿ ಸಾಯುತ್ತವೆ. ಇಲ್ಲೂ ಹಾಗೆ, ಟೋಕಿಯೋದಲ್ಲೂ ಹಾಗೆ. ಇಷ್ಟು ಶಿಸ್ತಾಗಿ ಕ್ಯಾಲೆಂಡರ್ ನೋಡಿ ತಾಗುವ ಕಣ್ಣು ಯಾರದು?

ಉತ್ತರ ಸಿಕ್ಕಿದ್ದು ಚರಂಡಿ ನೀರಿನಲ್ಲಿ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಮರಳು, ಸುಣ್ಣದ ಕಲ್ಲು ತುಂಬಿದ ಕೊಳವೆಯೊಳಗೆ ಚರಂಡಿ ನೀರನ್ನು ನಿಧಾನಕ್ಕೆ ಇಳಿಸಿದರು. 20 ದಿನ ಏನೂ ಆಗಲಿಲ್ಲ. ಮೇಲೆ ಹಾಕಿದ ನೀರಿನಲ್ಲಿದ್ದ ಅಮೋನಿಯಾ, ಅಂದರೆ ಜೀವಿಗಳ ಹೊಲಸಿನಿಂದ ಹುಟ್ಟುವ ವಿಷ, ಕೆಳಗೆ ಹಾಗೇ ಬಂತು. ಆಮೇಲೆ ಅಮೋನಿಯಾ ಕಡಿಮೆಯಾಗುತ್ತಾ ನೈಟ್ರೇಟ್ ಬರತೊಡಗಿತು. ಕ್ಲೋರೋಫಾರ್ಮ್ ಆವಿ ಬಿಟ್ಟರು, ಕೆಲಸ ನಿಂತಿತು. ಮಣ್ಣು ಕದಡಿದ ನೀರನ್ನು ಸ್ವಲ್ಪ ಹಾಕಿದರು, ಮತ್ತೆ ಶುರುವಾಯಿತು. ಬರೀ ರಾಸಾಯನಿಕ ಕ್ರಿಯೆಯಾಗಿದ್ದರೆ 20 ದಿನ ಕಾಯಿಸುತ್ತಿರಲಿಲ್ಲ, ಕ್ಲೋರೋಫಾರ್ಮಿಗೆ ಮೂರ್ಛೆಯೂ ಹೋಗುತ್ತಿರಲಿಲ್ಲ. ಒಳಗೆ ಜೀವ ಇತ್ತು. ಆ ಜೀವಕ್ಕೆ ಬೆಳೆಯಲು ಟೈಮ್ ಬೇಕಿತ್ತು.

ನಮ್ಮ ಬೀಗರ ತೊಟ್ಟಿಯಲ್ಲಿ ಆಗಿದ್ದೂ ಇದೇ, ಕೊಳವೆ ಬದಲು ಗಾಜಿನ ಪೆಟ್ಟಿಗೆ. ಮೀನು ತನ್ನ ಅಮೋನಿಯಾವನ್ನು ಹೆಚ್ಚಾಗಿ ಕಿವಿರುಗಳಿಂದಲೇ ಹೊರಗೆ ಬಿಡುತ್ತದೆ. ಒಳಗೆ ಜಾಸ್ತಿ, ಹೊರಗೆ ಕಡಿಮೆ ಇದ್ದರೆ ಮಾತ್ರ ಅದು ಸಲೀಸಾಗಿ ಹೊರಗೆ ಹೋಗುತ್ತದೆ. ಸೆಂಟ್ರಲ್ ಬಸ್ ನಿಲ್ದಾಣದಲ್ಲಿ ಹಬ್ಬದ ಹಿಂದಿನ ದಿನ ಬಸ್ಸಿನಿಂದ ಇಳಿಯಲು ನೋಡಿ. ಬಾಗಿಲಲ್ಲಿ ನೂರು ಜನ ಹತ್ತಲು ನುಗ್ಗುತ್ತಿದ್ದರೆ ನೀವು ಒಳಗೇ ಉಳಿಯುತ್ತೀರಿ. ನೀರಿನಲ್ಲೇ ಅಮೋನಿಯಾ ತುಂಬಿದಾಗ ಮೀನಿನ ಸ್ಥಿತಿ ಅದೇ. ಕಿವಿರು ಉರಿದು ಕೆಂಪಾಗುತ್ತದೆ, ಮೀನು ಮೇಲೆ ಬಂದು ಬಾಯಿ ಬಡಿಯುತ್ತದೆ. ಜನ ಇದನ್ನು ಹಸಿವು ಎಂದುಕೊಂಡು ಇನ್ನಷ್ಟು ಕಾಳು ಹಾಕುತ್ತಾರೆ. ಬೀಗರ ಮನೆಯಲ್ಲಿ ಮಕ್ಕಳು ರೊಟ್ಟಿ ಚೂರು, ಚುರುಮುರಿ ಕೂಡ ಹಾಕಿದ್ದರು. ಅದು ಕೊಳೆತರೆ ಮತ್ತಷ್ಟು ಅಮೋನಿಯಾ.

ಇದನ್ನು ತಿನ್ನುವ ಬ್ಯಾಕ್ಟೀರಿಯಾ ಎರಡು ಪಂಗಡ. ಒಂದು ಅಮೋನಿಯಾ ತಿಂದು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ನೈಟ್ರೈಟ್ ತಿಂದು ನೈಟ್ರೇಟ್ ಮಾಡುತ್ತದೆ, ಅದನ್ನು ಮೀನು ಸಾಕಷ್ಟು ತಡೆದುಕೊಳ್ಳುತ್ತದೆ. ಮೊದಲನೆಯವರು ಅಡುಗೆ ಮಾಡುವ ತನಕ ಎರಡನೆಯವರಿಗೆ ಊಟವಿಲ್ಲ. ಅದಕ್ಕೇ ಸಾವು ಎರಡು ಅಲೆಯಲ್ಲಿ ಬರುತ್ತದೆ: ಮೊದಲು ಅಮೋನಿಯಾ ಏರುತ್ತದೆ, ಅದು ಇಳಿಯುವಾಗ ನೈಟ್ರೈಟ್ ಏರುತ್ತದೆ. ಎರಡೂ ಇಳಿಯಲು ನಾಲ್ಕರಿಂದ ಆರು ವಾರ ಬೇಕು. ಮೊಸರಿನ ಬ್ಯಾಕ್ಟೀರಿಯಾಗಳು ಒಂದು ಗಂಟೆಯ ಆಸುಪಾಸಿನಲ್ಲಿ ದುಪ್ಪಟ್ಟಾಗುತ್ತವೆ. ಇವು ಸೋಮಾರಿಗಳು. ಅರ್ಧ ದಿನವೋ, ಒಂದು ದಿನವೋ ಬೇಕು. ಮೊಸರಿಗೂ ಹೆಪ್ಪು ಬೇಕು, ಇದಕ್ಕೂ ಹೆಪ್ಪು ಬೇಕು. ಹೆಪ್ಪು ಹಾಕದೆ ಹಾಲಿಟ್ಟು ಬೆಳಿಗ್ಗೆ ಮೊಸರಾಗಲಿಲ್ಲ ಎಂದು ದೃಷ್ಟಿ ತೆಗೆಯುವವರನ್ನು ನಾನು ಕಂಡಿಲ್ಲ.

ಇವು ನೀರಿನಲ್ಲಿ ಹೆಚ್ಚು ಇರುವುದಿಲ್ಲ. ಫಿಲ್ಟರಿನ ಸ್ಪಂಜು, ತಳದ ಕಲ್ಲು, ಗಾಜಿಗೆ ಅಂಟಿಕೊಂಡು ಸಂಸಾರ ಮಾಡುತ್ತವೆ. ನಾನು ತೊಟ್ಟಿ ಇಟ್ಟ ಹೊಸದರಲ್ಲಿ ಪ್ರತಿ ಭಾನುವಾರ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ಬೆಳ್ಳಗಾಗುವ ತನಕ ಹಿಂಡುತ್ತಿದ್ದೆ. ಪ್ರತಿ ಬುಧವಾರ ಒಂದು ಮೀನು ಸಾಯುತ್ತಿತ್ತು. ಬುಧವಾರ ನನಗೆ ಆಗಿಬರುವುದಿಲ್ಲ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಇಲ್ಲೊಂದು ಅಡ್ಡದಾರಿ ಹಿಡಿಯದೆ ಇರಲಾರೆ. ಕೊಟ್ಟಿಗೆಯ ಮಣ್ಣಿನಲ್ಲಿ, ಹಳೆ ಗೋಡೆಯ ಬುಡದಲ್ಲಿ ದನದ ಗಂಜಲವನ್ನು ನೈಟ್ರೇಟ್ ಮಾಡುವುದೂ ಇದೇ ಬಳಗ. ಹಾಗೆ ಹುಟ್ಟುವುದೇ ಪೆಟ್ಲುಪ್ಪು. ಮದ್ದುಗುಂಡಿನ ಪುಡಿಯಲ್ಲಿ ಮುಕ್ಕಾಲು ಭಾಗ ಪೆಟ್ಲುಪ್ಪು. ಅಂದರೆ ನಮ್ಮ ಶೇರ್ಜಾ ಬುರುಜಿನ ಮೇಲೆ ಕೂತಿರುವ, 1549ರಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪು ಗುಡುಗಲು ಕಣ್ಣಿಗೆ ಕಾಣದ ಈ ಸೋಮಾರಿಗಳೇ ದುಡಿಯಬೇಕಿತ್ತು. ತೋಪಿನ ಮುಂದೆ ಸೆಲ್ಫಿ ತೆಗೆಯುವವರಿಗೆ ಇದನ್ನು ಹೇಳಿ ನೋಡಿದ್ದೇನೆ. ಯಾರೂ ನಿಲ್ಲುವುದಿಲ್ಲ.

ಇನ್ನೊಂದು ಕತೆ ಅಪ್ಪ ಮಗನದು. 1850ರಲ್ಲಿ ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಎಂಬಾತ ಗಾಜಿನ ಪಾತ್ರೆಯಲ್ಲಿ ಮೀನು, ನೀರುಗಿಡ, ಬಸವನಹುಳು ಸೇರಿಸಿ ತಿಂಗಳುಗಟ್ಟಲೆ ಬದುಕಿಸಿ ತೋರಿಸಿದ. ಮನೆಯ ಅಕ್ವೇರಿಯಂ ಹುಚ್ಚು ಹಬ್ಬಿದ್ದು ಆಮೇಲೆ. ಅವನ ಪಾತ್ರೆ ಹಿಡಿಸುತ್ತಿದ್ದುದು 12 ಗ್ಯಾಲನ್, ಅಂದರೆ ಸುಮಾರು 54 ಲೀಟರ್. ಬೀಗರ ತೊಟ್ಟಿ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಹೆಚ್ಚುಕಡಿಮೆ ಅಷ್ಟೇ. ವಾರಿಂಗ್ಟನ್ ಬಿಟ್ಟಿದ್ದು ಎರಡು ಸಣ್ಣ ಗೋಲ್ಡ್‌ಫಿಶ್, ಬೀಗರು ಒಂಬತ್ತು! ಗಿಡಗಳೇ ಎಲ್ಲ ಸರಿತೂಗಿಸುತ್ತವೆ ಎಂದು ಅಪ್ಪ ನಂಬಿದ್ದ. ಅವನ ಮಗ, ಅವನ ಹೆಸರೂ ರಾಬರ್ಟ್, ಮುಂದೆ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಫ್ರಾನ್ಸಿನವರ ಪ್ರಯೋಗವನ್ನು ಬೆಳೆಸಿ, ಈ ಕೆಲಸ ಎರಡು ಹಂತದಲ್ಲಿ, ಎರಡು ಬೇರೆ ಜೀವಿಗಳಿಂದ ನಡೆಯುತ್ತದೆ ಎಂದು ತೋರಿಸಿದ. ಆದರೆ ಅವು ಅವನ ಕೈಗೆ ಸಿಗಲಿಲ್ಲ. ಬೇರ್ಪಡಿಸಿ ಹಿಡಿದದ್ದು 1890ರ ಹೊತ್ತಿಗೆ ರಷ್ಯಾದ ವಿನೊಗ್ರಾಡ್‌ಸ್ಕಿ. 2015ರಲ್ಲಿ ಎರಡೂ ಹಂತವನ್ನು ಒಬ್ಬನೇ ಮುಗಿಸುವ ಬ್ಯಾಕ್ಟೀರಿಯಾ ಕೂಡ ಸಿಕ್ಕಿತು. ಸಿಕ್ಕ ಜಾಗಗಳಲ್ಲಿ ಒಂದು, ಮೀನು ಸಾಕಣೆಯ ಫಿಲ್ಟರ್. ಅಪ್ಪ ಮಗ ಇಬ್ಬರೂ ಇದ್ದಿದ್ದರೆ ಕುಣಿಯುತ್ತಿದ್ದರು.

ಬೀಗರ ಬೋರ್‌ವೆಲ್ ನೀರಿಗೆ ಬರೋಣ. ನಮ್ಮ ಕಡೆ ಬೋರ್ ನೀರು ಗಡಸು, ಪಾತ್ರೆಗೆ ಬಿಳಿ ಪದರ ಕಟ್ಟುತ್ತದೆ. ಅವರ ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ನೋಡಿದರೆ 8. ಅಮೋನಿಯಾಕ್ಕೆ ಎರಡು ವೇಷ. ಒಂದು ಸಾಧು, ಒಂದು ಕೊಲೆಗಾರ. ಪಿಎಚ್ 7, ಬಿಸಿ 25 ಡಿಗ್ರಿ ಇದ್ದರೆ ಸಾವಿರದಲ್ಲಿ ಸುಮಾರು 6 ಭಾಗ ಮಾತ್ರ ಕೊಲೆಗಾರ ವೇಷದಲ್ಲಿರುತ್ತದೆ. ಪಿಎಚ್ 8, ಬಿಸಿ 30 ಡಿಗ್ರಿ ಆದರೆ ಸಾವಿರದಲ್ಲಿ 75. ಅದೇ ತೊಟ್ಟಿ, ಅದೇ ಮೀನು, ವಿಷ ಹನ್ನೆರಡು ಪಟ್ಟು! ಜೊತೆಗೆ ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ ಹಿಡಿಸುವುದು 30ರಲ್ಲಿ ಏಳೂವರೆಗೆ ಇಳಿಯುತ್ತದೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ತೊಟ್ಟಿಯನ್ನು ಕಿಟಕಿ ಪಕ್ಕ ಇಟ್ಟರೆ ಏನಾಗುತ್ತದೆ, ನೀವೇ ನೋಡಿ.

ಅದಕ್ಕೇ ಮೀನು ಮಂಕಾದರೆ ಮೊದಲು ನೀರನ್ನು ಪರೀಕ್ಷಿಸಬೇಕು. ಹನಿ ಹಾಕಿ ಬಣ್ಣ ನೋಡುವ ಕಿಟ್ ಅಂಗಡಿಯಲ್ಲಿ ಸಿಗುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಇಲ್ಲವಾದರೆ ಎರಡು ಮೂರು ದಿನ ಊಟ ಬಂದ್. ಗೋಲ್ಡ್‌ಫಿಶ್ ಅದಕ್ಕೆಲ್ಲ ಸಾಯುವುದಿಲ್ಲ. ದಿನಾ ಮೂರನೇ ಒಂದು ಭಾಗ ನೀರು ಬದಲಿಸಿ, ಬಿಸಿ ಹೊಂದಿಸಿ, ನಲ್ಲಿ ನೀರಾದರೆ ಕ್ಲೋರಿನ್ ತೆಗೆದು. ನೈಟ್ರೈಟ್ ಏರಿದ್ದರೆ ಲೀಟರಿಗೆ ಒಂದು ಗ್ರಾಂ ಉಪ್ಪು. ಇದು ಅಜ್ಜಿ ಮದ್ದಿನ ಹಾಗೆ ಕೇಳಿಸಬಹುದು. ಆದರೆ ನೈಟ್ರೈಟ್ ಮೀನಿನೊಳಗೆ ನುಗ್ಗುವುದು ಕ್ಲೋರೈಡಿಗೆಂದು ಇರುವ ಬಾಗಿಲಿನಿಂದ. ಉಪ್ಪಿನ ಕ್ಲೋರೈಡ್ ಸಾಲುಗಟ್ಟಿ ನಿಂತರೆ ನೈಟ್ರೈಟಿಗೆ ಜಾಗ ಸಿಗುವುದಿಲ್ಲ. ಒಳಗೆ ಹೋದರೆ ಅದು ರಕ್ತವನ್ನು ಕಂದು ಮಾಡುತ್ತದೆ, ಆ ರಕ್ತ ಆಮ್ಲಜನಕ ಹೊರುವುದಿಲ್ಲ.

ಆ ಎರಡನೇ ಕರಿ ಮೀನಿನದು ಬೇರೆ ಕತೆ. ಅದನ್ನು ಅಂಗಡಿಯ ಚೀಲದಿಂದ ನೇರ ತೊಟ್ಟಿಗೆ ಬಿಟ್ಟಿದ್ದರು. ಮೂರನೇ ದಿನ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕಿ. ಕರಿ ಮೈಯಲ್ಲಿ ಎದ್ದು ಕಾಣುತ್ತಿತ್ತು. ಅದು ಸಾಯುವಷ್ಟರಲ್ಲಿ ಉಳಿದವಕ್ಕೂ ಹಚ್ಚಿ ಹೋಯಿತು. ಪೀಡೆ ತೆಗೆದುಕೊಂಡು ಹೋಗಲು ತಂದ ಮೀನು ಪೀಡೆ ತಂದಿತ್ತು.

ಇದು ಇಕ್ತಿಯೋಫ್ತೀರಿಯಸ್ ಎಂಬ ಏಕಕೋಶ ಜೀವಿ, ಮೀನಿನವರು ಇಕ್ ಎನ್ನುತ್ತಾರೆ. ಬೀಗರು ನಾಲ್ಕು ದಿನದಲ್ಲಿ ಮೂರು ಔಷಧ ಬದಲಿಸಿದ್ದರು. ಹಾಕಿದ ಮಾರನೇ ದಿನವೂ ಚುಕ್ಕಿ ಇತ್ತು, ಅದಕ್ಕೆ. ಚುಕ್ಕಿ ಇರಲೇಬೇಕು! ನಮಗೆ ಕಾಣುವ ಚುಕ್ಕಿಯಲ್ಲಿ ಇಕ್ ಚರ್ಮದ ಕೆಳಗೆ ಕೂತಿರುತ್ತದೆ, ಕೋಟೆಯೊಳಗಿನ ಸಿಪಾಯಿಯ ಹಾಗೆ. ಔಷಧ ಅಲ್ಲಿಗೆ ಮುಟ್ಟುವುದಿಲ್ಲ. ಹೊಟ್ಟೆ ತುಂಬಿದ ಮೇಲೆ ಉದುರಿ ತಳಕ್ಕೆ ಬೀಳುತ್ತದೆ, ಸುತ್ತ ಗೋಡೆ ಕಟ್ಟಿಕೊಳ್ಳುತ್ತದೆ. ಅದು ಎರಡನೇ ಕೋಟೆ. ಅಲ್ಲಿ ಒಂದು ನೂರಾರಾಗಿ, ಕೆಲವೊಮ್ಮೆ ಸಾವಿರವಾಗಿ ಒಡೆಯುತ್ತದೆ. ಆ ಮರಿಗಳು ಹೊರಬಿದ್ದು ಒಂದೆರಡು ದಿನದಲ್ಲಿ ಮೀನು ಹುಡುಕಬೇಕು, ಇಲ್ಲವಾದರೆ ಸಾವು. ಎರಡು ಕೋಟೆಗಳ ನಡುವಿನ ಆ ಬಯಲಿನಲ್ಲಿ ಮಾತ್ರ ಔಷಧ ಹೊಡೆಯುತ್ತದೆ. ಮಲಿಕ್-ಎ-ಮೈದಾನ್ ಅಂದರೆ ಬಯಲಿನ ಒಡೆಯ ಎಂದೇ ಅರ್ಥ ತಾನೇ.

ಆದ್ದರಿಂದ ಒಂದೇ ಔಷಧ, ಪೊಟ್ಟಣದ ಅಳತೆಯಲ್ಲಿ, ಚುಕ್ಕಿ ಉದುರಿದ ಮೇಲೂ ಮುಂದುವರಿಸಿ ಹತ್ತು ಹದಿನಾಲ್ಕು ದಿನ. 25 ಡಿಗ್ರಿ ದಾಟಿದ ನೀರಿನಲ್ಲಿ ಈ ಚಕ್ರ ಒಂದು ವಾರದೊಳಗೆ ಸುತ್ತುತ್ತದೆ, ತಣ್ಣನೆಯ ನೀರಿನಲ್ಲಿ ವಾರಗಟ್ಟಲೆ ಎಳೆಯುತ್ತದೆ. ನಮ್ಮ ಡಿಸೆಂಬರ್ ರಾತ್ರಿಗಳಲ್ಲಿ ಹೀಟರ್ ಇಲ್ಲದ ತೊಟ್ಟಿಯಾದರೆ ಇನ್ನೂ ಜಾಸ್ತಿ ದಿನ ಹಾಕಬೇಕು. ಮೆಥಿಲೀನ್ ಬ್ಲೂ ಎಂಬ ನೀಲಿ ದ್ರವವನ್ನು ಮಾತ್ರ ತೊಟ್ಟಿಗೆ ಸುರಿಯಬೇಡಿ, ಅದು ಫಿಲ್ಟರಿನ ಸೋಮಾರಿಗಳನ್ನೂ ಕೊಲ್ಲುತ್ತದೆ. ಅದರ ಕೆಲಸ ಬೇರೆ ಬಕೆಟ್ಟಿನಲ್ಲಿ. ಹೊಸ ಮೀನನ್ನೂ ಮೊದಲು ಎರಡು ಮೂರು ವಾರ ಅಂಥದೇ ಬಕೆಟ್ಟಿನಲ್ಲಿ ಇಟ್ಟು ನೋಡಬೇಕು. ಇಕ್ ಅಲ್ಲದ ಬೇರೆ ಕಾಯಿಲೆಯಲ್ಲಿ ಹುರುಪೆಗಳೆಲ್ಲ ಸೀತಾಫಲದ ಸಿಪ್ಪೆಯ ಹಾಗೆ ಎದ್ದು ನಿಂತ ಮೀನು ಉಳಿಯುವುದು ಅಪರೂಪ.

ಬೀಗರಿಗೆ ನನ್ನ ಹಳೇ ಫಿಲ್ಟರಿನ ಅರ್ಧ ಸ್ಪಂಜು ಕತ್ತರಿಸಿ, ಒದ್ದೆಯಾಗೇ ಚೀಲದಲ್ಲಿ ಹಾಕಿ ಕೊಟ್ಟೆ. ಇದು ಹೆಪ್ಪು ಎಂದು ಹೇಳಿದೆ. ಮೂರು ಮೀನುಗಳನ್ನು ಬೇರೆಯವರ ದೊಡ್ಡ ತೊಟ್ಟಿಗೆ ಕಳಿಸಬೇಕೆಂದಿದ್ದೆ, ಆದರೆ ಇಕ್ ಇರುವಾಗ ಅದೂ ಬೇಡವಾಯಿತು. ಇದ್ದಲ್ಲೇ ಉಪ್ಪು, ಔಷಧ, ದಿನಾ ನೀರು. ಎರಡು ಸತ್ತವು, ನಾಲ್ಕು ಉಳಿದವು. ತೊಟ್ಟಿಯ ಮೇಲೆ ನಿಂಬೆಹಣ್ಣು, ಮೆಣಸಿನಕಾಯಿಯೂ ಬಂದಿದೆ. ಅದರಿಂದ ನೀರಿಗೇನೂ ತೊಂದರೆಯಿಲ್ಲ.

ಮೊನ್ನೆ ಶನಿವಾರ ಬೀಗರ ಫೋನ್. "ನೀವು ಕೊಟ್ಟ ಸ್ಪಂಜು ಭಾಳ ಹೊಲಸಾಗೇದರೀ, ಸಾಬೂನು ಹಚ್ಚಿ ತೊಳೀಲೇನು?" ನಾನು ಕೂತಲ್ಲಿಂದ ಎದ್ದೇ ನಿಂತೆ. ತೊಟ್ಟಿಯದೇ ನೀರನ್ನು ಒಂದು ಮಗ್‌ನಲ್ಲಿ ತೆಗೆದು, ಅದರಲ್ಲಿ ಎರಡು ಸಲ ಮೆಲ್ಲಗೆ ಹಿಂಡಿ, ಕಂದು ಬಣ್ಣ ಇರುವ ಹಾಗೇ ವಾಪಸ್ ಹಾಕಿ ಎಂದೆ.